ಪರದೇಶದ ಋಣವೂ ನಮ್ಮೂರ ಉಳಿತಾಯವೂ

ರೂಪಾಯಿಯ ವಿನಿಮಯ ದರವು ಇಳಿದಾಗಲೆಲ್ಲ ನಮ್ಮ ಉಡುಪಿ ಜಿಲ್ಲೆಯಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಮಗನನ್ನೋ ಅಳಿಯನನ್ನೋ ದುಬೈಗೆ ಕಳುಹಿಸಿರುವ ಕಾಪುವಿನ ಗೃಹಸ್ಥನು, ಕಳೆದ ತಿಂಗಳಿಗಿಂತ ಈ ತಿಂಗಳು ನಾಲ್ಕು ಕಾಸು ಹೆಚ್ಚು ಬಂದಿತೆಂದು ಸಂತೋಷಪಡುತ್ತಾನೆ. ಆಫ್ರಿಕದಿಂದ ಕಚ್ಚಾ ಗೇರುಬೀಜವನ್ನು ತರಿಸುವ ಕಾರ್ಕಳದ ಕಾರ್ಖಾನೆಯ ಯಜಮಾನನು ತಲೆಯ ಮೇಲೆ ಕೈ ಹೊತ್ತು ಕುಳಿತುಕೊಳ್ಳುತ್ತಾನೆ. ತಮ್ಮ ತಮ್ಮ ಲೆಕ್ಕದ ಮಟ್ಟಿಗೆ ಇಬ್ಬರದೂ ಸರಿಯೇ. ಆದರೆ ಮಲ್ಪೆಯ ದೋಣಿಗಳಿಗೆ ಬೇಕಾದ ಡೀಸೆಲ್, ಮನೆಯ ಅಡಿಗೆಯ ಅನಿಲ, ಒಗ್ಗರಣೆಯ ಎಣ್ಣೆ, ಇವುಗಳಲ್ಲಿ ಬಹುಭಾಗಕ್ಕೆ ನಾವು ಡಾಲರು ತೆರಬೇಕಾಗಿದೆ. ಕಾಪು ತಾಲೂಕಿನ ಎಲ್ಲೂರಿನಲ್ಲಿರುವ 1200 ಮೆಗಾವಾಟ್ ಶಕ್ತಿಯ ವಿದ್ಯುತ್ ಸ್ಥಾವರವೇ ಪರದೇಶದ ಕಲ್ಲಿದ್ದಲನ್ನು ನಂಬಿ ಕಟ್ಟಲ್ಪಟ್ಟುದು. ಆದುದರಿಂದ ಕಾಪುವಿನ ಗೃಹಸ್ಥನ ಒಂದು ಕೈಗೆ ಬಂದ ಲಾಭವು ಇನ್ನೊಂದು ಕೈಯಿಂದ ಸೋರಿಹೋಗುವುದು. ದುಬೈಯಲ್ಲಿ ಯಾರೂ ಇಲ್ಲದ ಅವನ ನೆರೆಮನೆಯವನಿಗಾದರೋ ನಷ್ಟವೊಂದೇ ಉಳಿಯುವುದು.

ಪರದೇಶದ ಋಣವೆಂದರೆ ದಿಲ್ಲಿಯ ಮಂತ್ರಿಗಳೂ ಅರ್ಥಶಾಸ್ತ್ರಜ್ಞರೂ ಚರ್ಚಿಸಬೇಕಾದ ವಿಷಯವೆಂದು ತಿಳಿಯುವವರು 1991ನೆಯ ವರ್ಷವನ್ನು ಜ್ಞಾಪಿಸಿಕೊಳ್ಳಲಿ. 1990ರ ಆಗಸ್ಟಿನಲ್ಲಿ ಇರಾಕು ಕುವೈಟನ್ನು ಆಕ್ರಮಿಸಿತು. ಎಣ್ಣೆಯ ಬೆಲೆ ಏರಿತು. ಸುಮಾರು ಒಂದು ಲಕ್ಷ ಎಪ್ಪತ್ತು ಸಾವಿರ ಭಾರತೀಯರು, ಅವರೊಡನೆ ನಮ್ಮ ಕರಾವಳಿಯವರೂ, ದುಡಿಮೆಯನ್ನು ಬಿಟ್ಟು ಸ್ವದೇಶಕ್ಕೆ ಮರಳಿದರು. ಹಣ ಬರುವ ದಾರಿ ಕಟ್ಟಿತು. ಹಣ ಹೋಗುವ ದಾರಿ ಅಗಲವಾಯಿತು. ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ವಿದೇಶೀ ವಿನಿಮಯವುಳಿದಿದ್ದ ಸರಕಾರವು, 1991ರ ಮೇ ತಿಂಗಳಲ್ಲಿ 20 ಟನ್, ಜುಲೈಯಲ್ಲಿ ಸುಮಾರು 47 ಟನ್ ಚಿನ್ನವನ್ನು ಒತ್ತೆಯಾಗಿಟ್ಟು ಮಾನವನ್ನು ಉಳಿಸಿಕೊಳ್ಳಬೇಕಾಯಿತು. ಜುಲೈ 1 ಮತ್ತು 3ರಂದು ರೂಪಾಯಿಯ ಬೆಲೆಯನ್ನು ಇಳಿಸಲಾಯಿತು. ಆ ವರ್ಷದ ಆಗಸ್ಟಿನಲ್ಲಿ ಬೆಲೆಯೇರಿಕೆಯು ನೂರಕ್ಕೆ 16ನ್ನು ಮೀರಿತ್ತು. ಉತ್ಪನ್ನದ ಬೆಳವಣಿಗೆಯು ನೂರಕ್ಕೆ ಒಂದೂವರೆಯನ್ನೂ ಮುಟ್ಟಲಿಲ್ಲ. ಋಣ, ಬೆಲೆಯೇರಿಕೆ, ವ್ಯಾಪಾರದ ಮಾಂದ್ಯ, ಈ ಮೂರೂ ಒಂದೇ ಮನೆಯ ಮಕ್ಕಳೆಂಬುದಕ್ಕೆ ಬೇರೆ ನಿದರ್ಶನ ಬೇಕೆ?

ಬೇಕಾದರೆ ನೆರೆಯ ಸಿಂಹಳವನ್ನು ನೋಡಬಹುದು. 2019ರಲ್ಲಿ ಅಲ್ಲಿಯ ಸರಕಾರವು ತೆರಿಗೆಗಳನ್ನು ಇಳಿಸಿತು; ಸಾಂಕ್ರಾಮಿಕದಿಂದ ಪ್ರವಾಸಿಗರ ಹಣ ನಿಂತಿತು; 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ತಡೆದುದರಿಂದ ಬೆಳೆಯೂ ಕುಗ್ಗಿತು. ಡಾಲರಿನ ಸಾಲದ ಕಂತು ಮಾತ್ರ ಯಾವುದಕ್ಕೂ ಕಾಯಲಿಲ್ಲ. 2022ರ ಏಪ್ರಿಲಿನಲ್ಲಿ ಆ ದೇಶವು ಪರದೇಶದ ಋಣವನ್ನು ತೀರಿಸಲಾರೆನೆಂದು ಸಾರಿತು. ಸೆಪ್ಟೆಂಬರಿನ ವೇಳೆಗೆ ಬೆಲೆಗಳು ಒಂದು ವರ್ಷದಲ್ಲಿ ನೂರಕ್ಕೆ ಸುಮಾರು 70ರಷ್ಟು ಏರಿದ್ದುವು.

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಎತ್ತಿಕೊಂಡು, ರಾಷ್ಟ್ರಕ್ಕೆ ಸಾಲವೇ ಕೂಡದೆನ್ನುವವರಿದ್ದಾರೆ. ನಮ್ಮ ಅಭಿಪ್ರಾಯವು ಹಾಗಲ್ಲ. ಸಾಲವೆಷ್ಟು ಎಂಬುದಕ್ಕಿಂತ, ಅದು ಯಾರ ನಾಣ್ಯದಲ್ಲಿದೆ, ಯಾವ ಕೆಲಸಕ್ಕೆ ವಿನಿಯೋಗವಾಗಿದೆ ಎಂಬುದೇ ಮುಖ್ಯ ಪ್ರಶ್ನೆ. ಉಡುಪಿಯ ಮೂಲಕ ಹಾದುಹೋಗುವ ಕೊಂಕಣ ರೈಲುಮಾರ್ಗವನ್ನು ಬಹುಭಾಗ ದೇಶದೊಳಗೇ ಬಾಂಡುಗಳ ಮೂಲಕ ಎತ್ತಿದ ಸಾಲದಿಂದ ಕಟ್ಟಲಾಯಿತು. 1998ರಲ್ಲಿ ಸಂಪೂರ್ಣವಾಗಿ ತೆರೆದ ಆ ಮಾರ್ಗದ ಮೇಲೆ ಇಂದಿಗೂ ಗಾಡಿ ಓಡುತ್ತಿದೆ. ನಮ್ಮದೇ ನಾಣ್ಯದ ಸಾಲವು ರೂಪಾಯಿ ಕುಸಿದ ಮಾತ್ರಕ್ಕೆ ಬೆಳೆಯುವುದಿಲ್ಲ. ಡಾಲರಿನ ಸಾಲವಾದರೆ ನಾವು ನಿದ್ರಿಸುತ್ತಿರುವಾಗಲೂ ಬೆಳೆಯುವುದು. 1991ರಲ್ಲಿ ದೇಶದ ಪರದೇಶೀಯ ಋಣವು ರಾಷ್ಟ್ರೋತ್ಪನ್ನದ ನೂರಕ್ಕೆ 28ಕ್ಕೂ ಮೇಲಿತ್ತು. 2024ರ ಮಾರ್ಚಿನಲ್ಲಿ ಅದು ಸುಮಾರು 66,000 ಕೋಟಿ ಡಾಲರಾಗಿದ್ದರೂ, ಉತ್ಪನ್ನದ ನೂರಕ್ಕೆ 19ರ ಒಳಗೇ ಇತ್ತು. ಅದರಲ್ಲಿಯೂ ಮೂರರಲ್ಲೊಂದು ಪಾಲಿಗೆ ಸಮೀಪವಾದುದು ರೂಪಾಯಿಯ ಲೆಕ್ಕದ್ದು. ಇದು ಸಮಾಧಾನದ ಸಂಗತಿ. ಆದರೆ ಅರ್ಧಕ್ಕಿಂತ ಹೆಚ್ಚು ಡಾಲರಿನದೇ ಆಗಿದ್ದುದರಿಂದ ಮೈಮರೆಯುವಂತಿಲ್ಲ.

ಪರರ ಹಣದ ಹಂಗನ್ನು ತಗ್ಗಿಸುವ ಉಪಾಯವನ್ನು ಹುಡುಕಿಕೊಂಡು ನಮ್ಮ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಸ್ವದೇಶೀ ಚಳವಳಿಯ ದಿನಗಳಲ್ಲಿ, 1906ರಲ್ಲಿ, ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಸ್ಥಾಪಿಸಿದ ಬ್ಯಾಂಕಿನಲ್ಲಿ ಮೊದಲ ದಿನದ ಕೊನೆಗೆ ಸೇರಿದ್ದುದು 38 ರೂಪಾಯಿ 13 ಆಣೆ 2 ಪೈ. ಮುಂದೆ ಅದೇ ಕಾರ್ಪೊರೇಷನ್ ಬ್ಯಾಂಕಾಯಿತು. ಕೈಮಗ್ಗದ ನೇಕಾರರು ಸಂಕಟಕ್ಕೆ ಸಿಕ್ಕಿದ್ದಾಗ, 1925ರಲ್ಲಿ, ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ, ಡಾಕ್ಟರ್ ಟಿ. ಎಂ. ಎ. ಪೈ ಇವರು 8000 ರೂಪಾಯಿಗಳ ಬಂಡವಾಳದಿಂದ ಸಿಂಡಿಕೇಟನ್ನು ಕಟ್ಟಿದರು. 1928ರಲ್ಲಿ ಅವರು ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆಮನೆಗೆ ಆಳನ್ನು ಕಳುಹಿಸಿ ದಿನಕ್ಕೆ ಎರಡಾಣೆಯಂತೆ ಕೂಡಿಸಿದರು. ತಿಂಗಳಿಗೆ ನಾಲ್ಕು ರೂಪಾಯಿಯೂ ಆಗದ ಆ ಹಣವೇ ಮಣಿಪಾಲದ ಹೆಸರನ್ನು ದೇಶದಲ್ಲೆಲ್ಲ ಹಬ್ಬಿಸಿತು. ಜಗತ್ತನ್ನೇ ಮಾಂದ್ಯವು ಕವಿದಿದ್ದ 1931ರಲ್ಲಿ, ಅತ್ತಾವರ ಬಾಲಕೃಷ್ಣ ಶೆಟ್ಟರು ಮಂಗಳೂರಿನಲ್ಲಿ ವಿಜಯಾ ಬ್ಯಾಂಕನ್ನು ಸ್ಥಾಪಿಸಿದರು. ದುರ್ಭಿಕ್ಷದ ದಿನಗಳಲ್ಲಿಯೇ ಇವರಿಗೆ ಧೈರ್ಯ ಬಂದಿತೆಂಬುದನ್ನು ನಾವು ಮರೆಯಬಾರದು.

ಈಗ ಆ ಮೂರು ಬ್ಯಾಂಕುಗಳ ಹೆಸರುಗಳೂ ಫಲಕಗಳಲ್ಲಿಲ್ಲ. 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದುವು. ಹೆಸರು ಹೋದುದಕ್ಕಿಂತ ಹೆಚ್ಚಿನ ವ್ಯಸನದ ಸಂಗತಿಯೊಂದಿದೆ. ನಮ್ಮ ಜಿಲ್ಲೆಯಲ್ಲಿ ಕೂಡಿದ ಠೇವಣಿಗೆ ಹೋಲಿಸಿದರೆ ಇಲ್ಲಿಯೇ ಕೊಟ್ಟ ಸಾಲವು, ರಿಸರ್ವ್ ಬ್ಯಾಂಕು ಅಪೇಕ್ಷಿಸುವ ನೂರಕ್ಕೆ 60ರ ಮಟ್ಟಕ್ಕಿಂತ ಬಹುವರ್ಷಗಳಿಂದ ಕೆಳಗಿದ್ದುದೇ ಹೆಚ್ಚು. ನೇಕಾರನಿಗಾಗಿ ಹುಟ್ಟಿದ ಬ್ಯಾಂಕಿನ ಊರಿನಲ್ಲಿ ನೇಕಾರನಿಗೂ ಮೀನುಗಾರನಿಗೂ ಸಣ್ಣ ಕಾರ್ಖಾನೆಯವನಿಗೂ ಸಾಲ ದುರ್ಲಭವಾಗಿ, ಊರ ಹಣವು ಪರಊರಿನ ಉದ್ಯಮಗಳಿಗೆ ಹರಿಯುತ್ತಿದ್ದರೆ, ಆ ಊರಿನ ಯುವಕನು ದುಬೈಗೆ ಹೋಗದೆ ಇನ್ನೇನು ಮಾಡಿಯಾನು?

ಹಣವಿಟ್ಟವನ ಸ್ಥಿತಿಯಾದರೂ ನೆಟ್ಟಗಿದೆಯೇ ಎಂದರೆ ಅದೂ ಇಲ್ಲ. 2021ರ ಏಪ್ರಿಲಿನಲ್ಲಿ ನೂರಕ್ಕೆ 5ರ ಬಡ್ಡಿಗೆ ಒಂದು ಲಕ್ಷವನ್ನಿಟ್ಟವನು ವರ್ಷ ಕಳೆದ ಮೇಲೆ 1,05,000 ರೂಪಾಯಿ ಪಡೆದನು. ಅಷ್ಟರಲ್ಲಿ ದೇಶದ ಚಿಲ್ಲರೆ ಬೆಲೆಗಳು ನೂರಕ್ಕೆ 7.8ರಷ್ಟು ಏರಿ, ಲಕ್ಷ ರೂಪಾಯಿಯ ಸಾಮಾನು 1,07,800 ರೂಪಾಯಿಯಾಗಿತ್ತು. ಮಿತವ್ಯಯಿಯಾದ ನಿವೃತ್ತ ಉಪಾಧ್ಯಾಯನಿಗೆ ಯಾವ ಶಾಸನಸಭೆಯೂ ವಿಧಿಸದ ದಂಡವಿದು. ಇದರಿಂದ ಬೇಸತ್ತ ಜನರು ಚಿನ್ನದ ಅಂಗಡಿಯ ದಾರಿ ಹಿಡಿಯುತ್ತಾರೆ. ಆ ಚಿನ್ನದ ಬಹುಭಾಗವಾದರೂ ಪರದೇಶದಿಂದ ಬರುವುದು. ಅದಕ್ಕೂ ಡಾಲರೇ ಬೇಕು. ಬೆಲೆಯೇರಿಕೆಯಿಂದ ಹೊರಟವನು ತಿರುಗಿ ವಿನಿಮಯದ ಸಂಕಟದ ಬಾಗಿಲಿಗೇ ಬಂದು ನಿಲ್ಲುತ್ತಾನೆ.

ಆದುದರಿಂದ ಸರಕಾರದೊಡನೆ ನಮ್ಮ ವಿಜ್ಞಾಪನೆಯಿಷ್ಟೆ. ಡಾಲರು ಗಳಿಸಿಕೊಡಬಲ್ಲ ಕೆಲಸಕ್ಕಲ್ಲದೆ ಡಾಲರಿನ ಸಾಲವನ್ನು ತರಬಾರದು. ನಿತ್ಯದ ವೆಚ್ಚಕ್ಕಂತೂ ಖಂಡಿತ ಕೂಡದು. ಸಣ್ಣ ಉಳಿತಾಯದ ಬಡ್ಡಿಯು ಬೆಲೆಯೇರಿಕೆಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಬೇಕು. ಬ್ಯಾಂಕುಗಳ ಅಧಿಕಾರಿಗಳು, ಠೇವಣಿಯನ್ನು ಕೂಡಿಸಿದ ಊರಿನಲ್ಲಿಯೇ ಸಾಲ ಪಡೆಯಲು ಯೋಗ್ಯರಾದವರನ್ನು ಹುಡುಕಲು, 1928ರಲ್ಲಿ ಎರಡಾಣೆಗಾಗಿ ಬಾಗಿಲು ತಟ್ಟಿದವರು ಪಟ್ಟ ಶ್ರಮದ ಒಂದು ಪಾಲನ್ನಾದರೂ ಪಡಲಿ. ಬ್ಯಾಂಕಿನ ಹಣವು ಠೇವಣಿದಾರರದು, ಅದನ್ನು ದಾನದಂತೆ ಹಂಚಲಾಗದೆಂದು ಅವರು ಹೇಳಬಹುದು. ಮಾತು ನಿಜವೇ. ಆದರೆ ಪರಿಚಯವಿದ್ದ ನೇಕಾರನಿಗೆ ಕೊಟ್ಟ ಚಿಕ್ಕ ಸಾಲದಿಂದ ಸಿಂಡಿಕೇಟು ಮುಳುಗಲಿಲ್ಲ, ಬೆಳೆಯಿತು.

ನಮ್ಮ ಮಹಾಜನರಿಗೂ ಒಂದು ಮಾತು. ಕೊಲ್ಲಿಯಿಂದ ಬರುವ ಹಣವು ಎಂದಿಗೂ ಹೀಗೆಯೇ ಬರುತ್ತಿರುವುದೆಂದು 1990ರ ಜುಲೈಯಲ್ಲಿ ಕುವೈಟಿನಲ್ಲಿದ್ದವರೂ ನಂಬಿದ್ದರು. ಅದರಲ್ಲಿ ಒಂದಂಶವನ್ನಾದರೂ ಮಾಳಿಗೆಗೂ ಬಂಗಾರಕ್ಕೂ ಸುರಿಯದೆ, ಊರಿನಲ್ಲಿ ನಾಲ್ವರಿಗೆ ದುಡಿಮೆಯಾಗುವ ಕೆಲಸದಲ್ಲಿ ತೊಡಗಿಸುವುದು ವಿವೇಕ. ಮುಂದೊಂದು ದಿನ ಆ ಮಗನು ಮರಳಿ ಬಂದರೆ, ಅವನಿಗೆ ಉಣ್ಣಲು ಮನೆಯಿದ್ದರೆ ಸಾಲದು, ಮಾಡಲು ಕೆಲಸವೂ ಇರಬೇಕು.