ಕೊನೆಯ ಆರು ಕಿಲೋಮೀಟರು

ಹೇಮಕುಂಡ ಸಾಹಿಬ್‌ಗೆ ರೋಪ್‌ವೇ ನಿರ್ಮಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟ 2025ರ ಮಾರ್ಚ್ 5ರಂದು ಒಪ್ಪಿಗೆ ನೀಡಿತು. ಉತ್ತರಾಖಂಡದ ಗೋವಿಂದಘಾಟದಿಂದ ಸರೋವರದವರೆಗೆ 12.4 ಕಿ.ಮೀ. ಉದ್ದ, ವೆಚ್ಚ 2,730 ಕೋಟಿ ರೂಪಾಯಿ. ಸುದ್ದಿ ಬಂದಾಗ ದೆಹಲಿಯ ಕನ್ನಡ ಗೆಳೆಯರ ನಡುವೆ ಎರಡು ಬಗೆಯ ಮಾತು ಕೇಳಿಬಂತು. ‘ಇನ್ನು ಊರಿನಿಂದ ಬಂದ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಬಹುದು’ ಎಂದರು ಕೆಲವರು. ‘ಹಿಮಾಲಯದ ಕತೆ ಮುಗಿಯಿತು’ ಎಂದರು ಉಳಿದವರು. ಎರಡೂ ಮಾತು ನನಗೆ ಪೂರ್ತಿಯಾಗಿ ಒಪ್ಪಿಗೆಯಾಗಲಿಲ್ಲ. ಈ ಯೋಜನೆಯಲ್ಲಿ ಎರಡು ಹಂತಗಳಿವೆ: ಗೋವಿಂದಘಾಟದಿಂದ ಘಾಂಗರಿಯಾಕ್ಕೆ 10.55 ಕಿ.ಮೀ., ಅಲ್ಲಿಂದ ಸರೋವರಕ್ಕೆ 1.85 ಕಿ.ಮೀ. ಮೊದಲನೆಯ ಹಂತ ಬರಲಿ, ಎರಡನೆಯದು ಬೇಡ ಎಂಬುದು ನನ್ನ ಅಭಿಪ್ರಾಯ.

ಅತ್ತ ಹೋಗದವರಿಗಾಗಿ ದಾರಿಯ ಬಗ್ಗೆ ಒಂದೆರಡು ಮಾತು. ಗೋವಿಂದಘಾಟ ಬದರಿನಾಥದ ಹೆದ್ದಾರಿಯಲ್ಲಿ, ಅಲಕನಂದೆಯ ದಡದಲ್ಲಿ, ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಪುಲನಾ ಹಳ್ಳಿಯವರೆಗೆ ಜೀಪು ಸಿಗುತ್ತದೆ; ಮುಂದಿನದು ಕಾಲುದಾರಿ. ದೇವದಾರು ಕಾಡಿನ ನಡುವಿನ ಘಾಂಗರಿಯಾ 3,000 ಮೀಟರ್ ದಾಟಿದ ಪುಟ್ಟ ತಂಗುದಾಣ. ಎಡಕ್ಕೆ ತಿರುಗಿದರೆ ಹೂಗಳ ಕಣಿವೆ; ಬಲಕ್ಕೆ ಹತ್ತಿದರೆ ಹೇಮಕುಂಡ. ಈ ಕೊನೆಯ ಹಾದಿ ಬರೀ ಆರು ಕಿ.ಮೀ., ಆದರೆ ಅಷ್ಟರೊಳಗೆ ಸಾವಿರದ ಇನ್ನೂರು ಮೀಟರಿಗೂ ಹೆಚ್ಚು ಏರಬೇಕು. ಕಾಡು ಹಿಂದೆ ಉಳಿಯುತ್ತದೆ, ಮರಗಳು ಪೊದೆಗಳಾಗುತ್ತವೆ, ಪೊದೆಗಳು ಹುಲ್ಲಾಗುತ್ತವೆ. ಆಗಸ್ಟ್‌ನಲ್ಲಿ ಹೋದವರಿಗೆ ಬಂಡೆಗಳ ನಡುವೆ ಬ್ರಹ್ಮಕಮಲ ಕಾಣಿಸುತ್ತದೆ. ತುದಿಗೆ ಸಾವಿರಕ್ಕೂ ಮಿಕ್ಕಿದ ಕಲ್ಲಿನ ಮೆಟ್ಟಿಲುಗಳು. ಅವನ್ನು ಮುಗಿಸಿದರೆ ಶಿಖರಗಳ ಮಡಿಲಲ್ಲಿ ನೀರು.

ಗುರು ಗೋವಿಂದ ಸಿಂಹರು ಹಿಂದಿನ ಜನ್ಮದಲ್ಲಿ ತಪಸ್ಸು ಮಾಡಿದ ಸ್ಥಳ ಇದೆಂಬುದು ಸಿಖ್ಖರ ಶ್ರದ್ಧೆ. ಅದೇ ದಂಡೆಯಲ್ಲಿ ಲಕ್ಷ್ಮಣನ ಗುಡಿಯೂ ಇದೆ. ಕಣಿವೆಯ ಹಳ್ಳಿಗರಿಗೆ ಈ ಜಾಗ ಗುರುದ್ವಾರ ಬರುವ ಮೊದಲಿನಿಂದಲೂ ಲೋಕಪಾಲ. ಇಲ್ಲಿ ರಾತ್ರಿ ತಂಗುವಂತಿಲ್ಲ. ಬೆಳಗಿನ ಜಾವ ಘಾಂಗರಿಯಾದಿಂದ ಹೊರಟವರು ಸರೋವರದಲ್ಲಿ ಮಿಂದು, ಲಂಗರಿನ ಖಿಚಡಿ ಉಂಡು, ಬಿಸಿ ಚಹಾ ಕುಡಿದು, ಮಧ್ಯಾಹ್ನದ ಅರ್ದಾಸ್ ಮುಗಿದ ಮೇಲೆ ಕೆಳಗಿಳಿಯಲೇಬೇಕು. ಒಂದು ಹಗಲಿನ ಯಾತ್ರೆ ಎಂಬುದು ಈ ಸರೋವರದ ಕಟ್ಟುಪಾಡು.

ಈ ಕಟ್ಟುಪಾಡಿನಲ್ಲಿ ವೈದ್ಯಶಾಸ್ತ್ರವೂ ಅಡಗಿದೆ. ಅಷ್ಟು ಎತ್ತರದಲ್ಲಿ ಒಂದೊಂದು ಉಸಿರಿಗೂ ದೊರೆಯುವ ಆಮ್ಲಜನಕ ಸಮುದ್ರಮಟ್ಟದ ಸುಮಾರು ಶೇ 60ರಷ್ಟು ಮಾತ್ರ. ಹಗಲು ಎತ್ತರಕ್ಕೆ ಏರು, ರಾತ್ರಿ ಕೆಳಗೆ ಮಲಗು ಎಂಬುದು ಪರ್ವತಾರೋಹಿಗಳ ಹಳೆಯ ಪಾಠ. ಘಾಂಗರಿಯಾದಲ್ಲಿ ಒಂದು ರಾತ್ರಿ ಕಳೆದ ದೇಹ ಮರುದಿನದ ಏರಿಗೆ ಅಷ್ಟಿಷ್ಟಾದರೂ ಹೊಂದಿಕೊಂಡಿರುತ್ತದೆ. ಹತ್ತುವಾಗ ದಾರಿಯೂ ಆಗಾಗ ನಮ್ಮನ್ನು ತಡೆದು ವಿಚಾರಿಸುತ್ತದೆ: ತಲೆನೋವೇ, ವಾಕರಿಕೆಯೇ, ಹೆಜ್ಜೆ ತಪ್ಪುತ್ತಿದೆಯೇ? ಆಗದವರು ಅರ್ಧದಲ್ಲೇ ಹಿಂದಿರುಗುತ್ತಾರೆ, ಅವರನ್ನು ಯಾರೂ ಹೀಯಾಳಿಸುವುದಿಲ್ಲ. ತಂತಿಯ ಮೇಲಿನ ಡಬ್ಬಿ ಯಾರನ್ನೂ ಏನನ್ನೂ ಕೇಳುವುದಿಲ್ಲ. ಗೋವಿಂದಘಾಟದಲ್ಲಿ ತಿಂಡಿ ತಿಂದು ಕೂತವರನ್ನು ಅದು ಮಧ್ಯಾಹ್ನದೊಳಗೆ ಎರಡೂವರೆ ಸಾವಿರ ಮೀಟರ್ ಮೇಲಕ್ಕೆ ಇಳಿಸಿಬಿಡುತ್ತದೆ. ಕೆಲವೇ ಗಂಟೆಗಳಲ್ಲಿ ಹಿಂದಿರುಗಿದರೆ ಅಪಾಯ ಕಡಿಮೆ ಎಂಬುದು ನಿಜ. ಆದರೆ ಜೋರು ಗಾಳಿಗೆ, ಗುಡುಗು ಸಿಡಿಲಿಗೆ ರೋಪ್‌ವೇ ನಿಲ್ಲಿಸಲೇಬೇಕು. ಹಿಮಾಲಯದ ಮಳೆಗಾಲದ ಅಪರಾಹ್ನಗಳನ್ನು ಕಂಡವರಿಗೆ ಇದು ಎಷ್ಟು ಸಲ ಆಗಬಹುದೆಂದು ಹೇಳಬೇಕಾಗಿಲ್ಲ. ನಡೆದು ಹತ್ತಿದವರು ನಡೆದೇ ಇಳಿದಾರು. ನಡೆಯಲಾಗದೆಂದೇ ಡಬ್ಬಿ ಹತ್ತಿದವರು, ತಂಗಲು ಎಡೆಯಿಲ್ಲದ ಆ ಎತ್ತರದಲ್ಲಿ ಏನು ಮಾಡಬೇಕು?

ಇನ್ನು ಸರೋವರದ ಲೆಕ್ಕ. ಹೇಮಕುಂಡ ವರ್ಷಕ್ಕೆ ಸುಮಾರು ಐದು ತಿಂಗಳು ತೆರೆದಿರುತ್ತದೆ, ಒಂದೂವರೆಯಿಂದ ಎರಡು ಲಕ್ಷ ಜನ ಬರುತ್ತಾರೆ ಎಂದು ಸರ್ಕಾರವೇ ಹೇಳಿದೆ. ಅಂದರೆ ಸರಾಸರಿ ದಿನಕ್ಕೆ ಸಾವಿರದಿಂದ ಸಾವಿರದ ಮುನ್ನೂರು ಮಂದಿ. ರೋಪ್‌ವೇಗೆ ಉದ್ದೇಶಿಸಿದ ಸಾಮರ್ಥ್ಯ ದಿನಕ್ಕೆ 11,000 ಮಂದಿ. ಡಬ್ಬಿಗಳು ದಿನವೂ ತುಂಬಲಿಕ್ಕಿಲ್ಲ, ಒಪ್ಪೋಣ. ಆದರೂ ಇಂದಿನ ಎಂಟು ಹತ್ತು ಪಟ್ಟು ಜನರನ್ನು ತಂದು ಸುರಿಯಬಲ್ಲ ಯಂತ್ರವನ್ನು, ವರ್ಷದ ಅರ್ಧಕ್ಕೂ ಹೆಚ್ಚು ಕಾಲ ಹಿಮದಡಿ ಮಲಗುವ ಒಂದು ದಂಡೆಯ ಮೇಲೆ ನಿಲ್ಲಿಸುತ್ತಿದ್ದೇವೆ. ಅಲ್ಲಿಯ ಚಳಿಯಲ್ಲಿ ಕಸ ಬೇಗ ಕೊಳೆಯದು, ಶೌಚದ ನೀರು ಬೇಗ ಶುದ್ಧವಾಗದು, ತುಳಿದ ಹುಲ್ಲು ಚಿಗುರಲು ವರ್ಷಗಳು ಬೇಕು. ಕಡಿದಾದ ಏರು ಇಷ್ಟು ದಿನ ಜನರನ್ನು ತಾನಾಗಿಯೇ ಮಿತಿಯಲ್ಲಿ ಇಟ್ಟಿತ್ತು. ಅದನ್ನು ತೆಗೆದ ಮೇಲೆ ಮಿತಿಯನ್ನು ನಾವೇ ಹಾಕಿಕೊಳ್ಳಬೇಕು. ನಮ್ಮ ತೀರ್ಥಕ್ಷೇತ್ರಗಳ ಅನುಭವ ಆ ಬಗ್ಗೆ ಭರವಸೆ ಹುಟ್ಟಿಸುವುದಿಲ್ಲ.

ಹಾಗಾದರೆ ವೃದ್ಧರು, ಅಂಗವಿಕಲರು ದರ್ಶನದಿಂದ ವಂಚಿತರಾಗಬೇಕೆ? ಈ ಪ್ರಶ್ನೆಯನ್ನು ಚಾರಣಿಗರು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ, ಹಾರಿಸಬಾರದು. ಗಟ್ಟಿ ಮೊಣಕಾಲು ಇರುವವರಿಗೆ ಮಾತ್ರ ಪುಣ್ಯ ಎಂಬುದು ಅಹಂಕಾರದ ಮಾತು. ಆದುದರಿಂದಲೇ ಮೊದಲ ಹಂತಕ್ಕೆ ನನ್ನ ಒಪ್ಪಿಗೆ. ದಾರಿಯ ದೊಡ್ಡ ಪಾಲು ಅಲ್ಲೇ ಕಳೆಯುತ್ತದೆ. ಹೇಸರಗತ್ತೆಗಳು ಹೊರಲಾರದ ಭಾರ ಹೊತ್ತು ಏರುವುದೂ ಹೆಚ್ಚಾಗಿ ಆ ಹಾದಿಯಲ್ಲೇ. ಅವುಗಳ ಹೊರೆ ಇಳಿದರೆ ಸಂತೋಷವೇ. ಅಲ್ಲಿಂದ ಮೇಲಕ್ಕೆ, ದೇಹ ಒಗ್ಗಿದ ಮೇಲೆ, ವೈದ್ಯರ ತಪಾಸಣೆಯ ನಂತರ, ದಂಡಿಯಲ್ಲೋ ಕಂಡಿಯಲ್ಲೋ ಹೋಗುವ ಏರ್ಪಾಡು ಇಂದಿಗೂ ಇದೆ. ಅದನ್ನು ಇನ್ನಷ್ಟು ಸುರಕ್ಷಿತವಾಗಿಸೋಣ, ಹೊರುವವರಿಗೆ ನ್ಯಾಯವಾದ ಕೂಲಿ, ವಿಮೆ ಕೊಡೋಣ. ಹೆಲಿಕಾಪ್ಟರ್ ಕೂಡ ಯಾತ್ರಿಕರನ್ನು ಘಾಂಗರಿಯಾದ ಬಳಿಯೇ ಇಳಿಸುತ್ತದೆ. ತಂತಿಯೂ ಅಲ್ಲೇ ನಿಂತರೆ ಅವಮಾನವೇನೂ ಇಲ್ಲ.

ಘಾಂಗರಿಯಾದ ಬದುಕಿನ ಪ್ರಶ್ನೆಯೂ ಇದರಲ್ಲಿದೆ. ಅಲ್ಲಿಯ ಢಾಬಾ, ವಸತಿಗೃಹ, ರೇನ್‌ಕೋಟ್ ಮಾರುವ ಅಂಗಡಿ ಎಲ್ಲವೂ ನಿಂತಿರುವುದು ಯಾತ್ರಿಕರು ಕಳೆಯುವ ಒಂದೆರಡು ರಾತ್ರಿಗಳ ಮೇಲೆ. ಪುಲನಾ, ಭ್ಯೂಂಡಾರ್ ಹಳ್ಳಿಗಳ ಕುಟುಂಬಗಳು ಐದು ತಿಂಗಳ ದುಡಿಮೆಯಲ್ಲಿ ವರ್ಷ ಸಾಗಿಸುತ್ತವೆ. ರೋಪ್‌ವೇ ಅಲ್ಲೇ ಕೊನೆಗೊಂಡರೆ ಜನ ಅಲ್ಲಿ ಇಳಿಯುತ್ತಾರೆ, ಉಳಿಯುತ್ತಾರೆ. ಮುಂದುವರಿದರೆ ಘಾಂಗರಿಯಾ ಡಬ್ಬಿ ಬದಲಿಸುವ ಜಾಗವಾಗುತ್ತದೆ, ಅಷ್ಟೇ.

ನೆಲವೂ ಎಚ್ಚರಿಕೆ ಕೊಡುತ್ತಲೇ ಇದೆ. 2013ರ ಜೂನ್ ಪ್ರವಾಹ ಗೋವಿಂದಘಾಟವನ್ನು ಹಾಳುಗೆಡವಿತು. 2023ರ ಜನವರಿಯಲ್ಲಿ ಅದೇ ಹೆದ್ದಾರಿಯ ಜೋಶಿಮಠದ ಮನೆಗಳು ಬಿರುಕುಬಿಟ್ಟವು. ಸಂಪುಟ ಈ ಯೋಜನೆಗೆ ಒಪ್ಪಿಗೆ ನೀಡಿದ ದಿನವೇ, ಗುಡ್ಡ ಜರಿದು, ಹೇಮಕುಂಡದ ದಾರಿಗೆ ಅಲಕನಂದೆಯನ್ನು ದಾಟಿಸುವ ಗೋವಿಂದಘಾಟದ ಸೇತುವೆ ಮುರಿದುಬಿತ್ತು. ಇದರಲ್ಲಿ ಶಕುನ ಹುಡುಕಬೇಕಾಗಿಲ್ಲ. ಇಂಥ ನೆಲದಲ್ಲಿ ಒಂದೊಂದು ಕಂಬಕ್ಕೂ ಗಟ್ಟಿಯಾದ ಕಾರಣ ಬೇಕು ಎಂದರೆ ಸಾಕು.

ಈ ಚರ್ಚೆ ನಮಗೆ ಹೊಸದೇನಲ್ಲ. ಚಾಮುಂಡಿ ಬೆಟ್ಟಕ್ಕೆ ರೋಪ್‌ವೇ ಎಂಬ ಪ್ರಸ್ತಾಪ ತಲೆಯೆತ್ತಿದಾಗ ಮೈಸೂರಿನ ನಾಗರಿಕರು ವಿರೋಧಿಸಿದ್ದುಂಟು. ಶ್ರವಣಬೆಳಗೊಳದಲ್ಲಿ ಇಂದಿಗೂ ಬರಿಗಾಲಲ್ಲಿ ಬಂಡೆಯ ಮೆಟ್ಟಿಲು ಹತ್ತುತ್ತೇವೆ. ಆಗದವರಿಗೆ ಡೋಲಿ ಇದೆ. ಗೊಮ್ಮಟ ದೂರವಾದನೆಂದು ಯಾರೂ ದೂರಿದ್ದು ಕೇಳಿಲ್ಲ. ತಲುಪುವುದಕ್ಕೆ ಪಟ್ಟ ಶ್ರಮವೂ ದರ್ಶನದ ಒಂದು ಭಾಗ ಎಂಬುದನ್ನು ನಮ್ಮ ಹಿರಿಯರು ಸಿದ್ಧಾಂತವಾಗಿ ಬರೆದಿಡಲಿಲ್ಲ, ಮೆಟ್ಟಿಲುಗಳಾಗಿ ಕಡೆದಿಟ್ಟರು.

ಹೇಮಕುಂಡದ ವಿಷಯದಲ್ಲಿ ಇನ್ನೂ ಕಾಲ ಮಿಂಚಿಲ್ಲ. 12.4 ಕಿ.ಮೀ. ತಂತಿಯಲ್ಲಿ ಬಿಡಬೇಕಾದದ್ದು 1.85 ಮಾತ್ರ. ಅಷ್ಟು ಬಿಟ್ಟರೆ ಯಾತ್ರಿಕರಿಗೆ ಅನುಕೂಲವೂ ಆದೀತು, ಹಳ್ಳಿಗಳಿಗೆ ಅನ್ನವೂ ಉಳಿದೀತು, ಸರೋವರಕ್ಕೆ ಹಗಲಿನ ಜನವೂ ರಾತ್ರಿಯ ಏಕಾಂತವೂ ಹಿಂದಿನಂತೆಯೇ ಇದ್ದಾವು.