ಬಾಯ್ಲರ್ ಮಾಧ್ಯಮ ಕೇಳುವುದಿಲ್ಲ

“ಕನ್ನಡದಾಗ ಕಲಿತ ಹುಡುಗ ನಾಳೆ ಸಕ್ಕರಿ ಕಾರ್ಖಾನ್ಯಾಗ ಬಾಯ್ಲರ್ ಮುಂದ ನಿಂತು ಏನ್ ತಿಳಕೋತಾನ್ರೀ ಸರ?”

ಮಗನ ಎಲ್.ಸಿ. ಒಯ್ಯಲು ಬಂದ ಪಾಲಕರೊಬ್ಬರು ನಮ್ಮನ್ನು ಕೇಳಿದ ಪ್ರಶ್ನೆ ಇದು. ನಮ್ಮ ಸೋಲಾಪುರ, ಅಕ್ಕಲಕೋಟ ಭಾಗದ ಎಷ್ಟೋ ಮನೆಗಳ ಬದುಕು ಕಬ್ಬು, ಕಾರ್ಖಾನೆಗಳ ಮೇಲೆಯೇ ನಿಂತಿದೆ. ಪ್ರಶ್ನೆ ಸಹಜ. ಆದರೆ ಅದರೊಳಗಿನ ನಂಬಿಕೆ ಸುಳ್ಳು.

ಉತ್ತರ ನಿಮ್ಮ ಒಲೆಯ ಮೇಲೆಯೇ ಇದೆ. ಚಹಾಕ್ಕೆ ನೀರಿಡಿ. ಕುದಿ ಬರುವ ಮೊದಲೇ ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆಗಳು ಕಾಣುತ್ತವೆ. ಅದು ಹಬೆಯಲ್ಲ, ನೀರಿನಲ್ಲಿ ಕರಗಿದ್ದ ಗಾಳಿ. ನೀರು ಬಿಸಿಯಾದಷ್ಟೂ ಗಾಳಿಯನ್ನು ಬಿಟ್ಟುಕೊಡುತ್ತದೆ. 25 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. ಅದು ಬಾಯ್ಲರಿನೊಳಗೆ ಹೋದರೆ ಕಬ್ಬಿಣದ ಕೊಳವೆಯನ್ನು ಚುಕ್ಕೆ ಚುಕ್ಕೆಯಾಗಿ ಕೊರೆದು ತೂತು ಮಾಡುತ್ತದೆ. ಇಂಗಾಲದ ಡೈಆಕ್ಸೈಡ್ ಹಬೆಯ ಜೊತೆ ಸಾಗಿ, ಹಬೆ ತಣಿದು ನೀರಾದಲ್ಲಿ ಆಮ್ಲವಾಗಿ, ನೀರು ವಾಪಸು ಬರುವ ಪೈಪನ್ನು ತಿನ್ನುತ್ತದೆ.

ಅದಕ್ಕೇ ಇರುವುದು ಡಿಯರೇಟರ್. ನೀರನ್ನು ಹನಿಹನಿಯಾಗಿ ಬೀಳಿಸಿ, ಅದಕ್ಕೆ ಹಬೆ ಹಾಯಿಸಿ, ತುಸು ಒತ್ತಡದಲ್ಲಿ 105 ಡಿಗ್ರಿಯ ಆಸುಪಾಸಿಗೆ ಕಾಯಿಸಿ, ಬಿಡುಗಡೆಯಾದ ಗಾಳಿಯನ್ನು ಮೇಲಿನ ಕಿಂಡಿಯಿಂದ ಹೊರಹಾಕುವ ತೊಟ್ಟಿ ಅದು. ಸರಿಯಾಗಿ ನಡೆದರೆ ಆಮ್ಲಜನಕ ಲೀಟರಿಗೆ 0.007 ಮಿಲಿಗ್ರಾಂವರೆಗೂ ಇಳಿಯುತ್ತದೆ. ಉಳಿದ ಚೂರಿಗೆ ಸೋಡಿಯಂ ಸಲ್ಫೈಟ್‌ನಂಥ ಔಷಧ ಹಾಕುತ್ತಾರೆ. ಕಿಂಡಿಯಿಂದ ಹಬೆ ದಂಡವಾಗುತ್ತಿದೆಯೆಂದು ಯಾರಾದರೂ ಅದನ್ನು ಮುಚ್ಚಿದರೋ, ಗಾಳಿ ಒಳಗೇ ಉಳಿಯಿತು, ಕೊಳವೆ ಕೆಟ್ಟಿತು.

ಈಗ ಹೇಳಿ, ಇದರಲ್ಲಿ ಯಾವ ಮಾತು ಕನ್ನಡಕ್ಕೆ ಭಾರವಾಯಿತು? ಡಿಯರೇಟರ್ ಎಂಬ ಹೆಸರು ಹೊರಗಿನದು, ಇರಲಿ ಬಿಡಿ. ಹೆಸರನ್ನು ಬಾಯಿಪಾಠ ಮಾಡಿದವನು ಕಿಂಡಿ ಮುಚ್ಚಿಯಾನು. ಕಾರಣ ತಿಳಿದವನು ಮುಚ್ಚಲಾರ.

ತಪ್ಪು ನಮ್ಮದೂ ಇದೆ. ಕರಗುವಿಕೆಯ ಪಾಠಕ್ಕೆ ಪ್ರಶ್ನೋತ್ತರ ಬರೆಸಿ ಕೈತೊಳೆದುಕೊಳ್ಳುತ್ತೇವೆ. ಒಲೆ ಹಚ್ಚಿ ತೋರಿಸುವುದಿಲ್ಲ. ಹಾಗೆ ಕಲಿಸಿದರೆ ಯಾವ ಮಾಧ್ಯಮವಾದರೂ ಅಷ್ಟೇ. ಮುಂದೆ ಕೆಲಸಕ್ಕೆ ಮರಾಠಿ, ಇಂಗ್ಲಿಷ್ ಬೇಕು, ಅವನ್ನೂ ಕಲಿಸೋಣ. ತಿಳಿವಳಿಕೆ ಮಾತ್ರ ಮೊದಲು ಮನೆಮಾತಿನಲ್ಲಿ ಬೇರೂರಲಿ.

ಪಾಲಕರೇ, ಎಲ್.ಸಿ. ಕೇಳುವ ಮುಂಚೆ ಒಂದು ದಿನ ನಮ್ಮ ತರಗತಿಗೆ ಬನ್ನಿ. ಚಹಾದ ನೀರು ನಾವೇ ಇಟ್ಟಿರುತ್ತೇವೆ. ಗುಳ್ಳೆ ಯಾಕೆ ಬಂತೆಂದು ನಿಮ್ಮ ಮಗನನ್ನೇ ಕೇಳಿ.