ಕಲ್ಪಿತ ಸಾಮ್ರಾಜ್ಯವೂ ಮಾಕಳಿದುರ್ಗವೂ

ಎಲ್ಲಿಯೂ ಇಲ್ಲದ ಸಾಮ್ರಾಜ್ಯವೊಂದನ್ನು ಕಟ್ಟಿ ಅದರ ಕಥೆಯನ್ನು ಹೇಳುವ ಕಾದಂಬರಿಗಳನ್ನು ನಮ್ಮ ವಿದ್ಯಾರ್ಥಿಮಿತ್ರರಲ್ಲಿ ಅನೇಕರು ಆಸೆಯಿಂದ ಓದುತ್ತಾರೆ. ಕೆಲವರು ಬರೆಯಲೂ ತೊಡಗಿದ್ದಾರೆ. ಇದು ಬರಿಯ ಕಾಲಹರಣವೆಂದು ಹಿರಿಯರು ಹೇಳುವುದುಂಟು. ನನಗೆ ಹಾಗೆ ತೋರುವುದಿಲ್ಲ. ರಾಜ್ಯವೊಂದು ಹೇಗೆ ನಿಲ್ಲುತ್ತದೆ, ಹೇಗೆ ಕುಸಿಯುತ್ತದೆ ಎಂಬುದನ್ನು ಅರಿಯದವನು ಅದನ್ನು ಕಲ್ಪಿಸಲಾರ. ಆದುದರಿಂದ ಇಂತಹ ಲೇಖಕನು ಚರಿತ್ರೆಯ ವಿದ್ಯಾರ್ಥಿಯೂ ಆಗಿರಬೇಕಾಗುತ್ತದೆ.

ಈ ಬಗೆಯ ಲೇಖಕರು ಹೆಚ್ಚಾಗಿ ಸಾಲ ತಂದಿರುವುದು ರೋಮಿನ ಕೊನೆಗಾಲದಿಂದ. 1951ರಲ್ಲಿ ಪುಸ್ತಕವಾಗಿ ಬಂದ 'ಫೌಂಡೇಶನ್'ನಲ್ಲಿ ಐಸಾಕ್ ಅಸಿಮೋವ್ ನಕ್ಷತ್ರಲೋಕದ ಸಾಮ್ರಾಜ್ಯವೊಂದರ ಅವನತಿಯನ್ನು ಚಿತ್ರಿಸಿದಾಗ, ಅವನಿಗೆ ಪ್ರೇರಣೆಯಾದದ್ದು ಗಿಬ್ಬನ್ ಬರೆದ ರೋಮಿನ ಇತಿಹಾಸವೇ. ಆದರೆ ಅನುಕರಿಸುವವರು ನೇರಳೆ ನಿಲುವಂಗಿ, ಅಮೃತಶಿಲೆಯ ಅರಮನೆ, ವಿಷದ ಬಟ್ಟಲು ಇಷ್ಟನ್ನೇ ತಂದು, ಒಬ್ಬ ದ್ರೋಹಿಯ ಕೈಯಿಂದ ಒಂದೇ ದಿನದಲ್ಲಿ ಸಾಮ್ರಾಜ್ಯವನ್ನು ಕೆಡವಿಬಿಡುತ್ತಾರೆ.

ರೋಮು ಹಾಗೆ ಬೀಳಲಿಲ್ಲ. ಮೂರನೆಯ ಶತಮಾನದಲ್ಲಿ ದಂಡಿನ ಸಂಬಳಕ್ಕೆ ಬೆಳ್ಳಿ ಸಾಲದೆ ನಾಣ್ಯದೊಳಗೆ ತಾಮ್ರ ಹೆಚ್ಚಿತು, ಬೆಲೆಗಳು ಏರಿದವು. 301ರಲ್ಲಿ ಡಯೋಕ್ಲೀಷಿಯನ್ ಬೆಲೆಗಳಿಗೆ ಮಿತಿ ಕಟ್ಟಿದರೂ ಫಲವಾಗಲಿಲ್ಲ. 402ರಲ್ಲಿ ಪಶ್ಚಿಮದ ಚಕ್ರವರ್ತಿಯು ಜೌಗುನೆಲದ ಮರೆಯಲ್ಲಿದ್ದ ರವೆನ್ನಾ ಊರನ್ನು ಸೇರಿಕೊಂಡನು. 476ರಲ್ಲಿ ಒಡೊಯೇಸರನೆಂಬ ದಂಡನಾಯಕನು ಬಾಲಕ ಚಕ್ರವರ್ತಿಯನ್ನು ಇಳಿಸಿದನು. ಆದರೂ ರಾಜಲಾಂಛನಗಳನ್ನು ಕಾನ್‌ಸ್ಟಾಂಟಿನೋಪಲ್ಲಿಗೆ ಕಳುಹಿಸಿ, ಅಲ್ಲಿನ ಚಕ್ರವರ್ತಿಯ ಮನ್ನಣೆಯನ್ನು ಬಯಸಿದನು. ಬಲ ಹೋದ ಮೇಲೂ ಹೆಸರು ಉಳಿದಿತ್ತು.

ಇದನ್ನು ಕಾಣಲು ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಮಾಕಳಿದುರ್ಗದ ಬುಡದಲ್ಲಿ ಹಾದುಹೋಗುವ ರೈಲುದಾರಿಯೇ ಹಿಂದೂಪುರವನ್ನು ದಾಟಿ ಪೆನುಕೊಂಡೆಗೆ ಸೇರುತ್ತದೆ. ಅಳಿಯ ರಾಮರಾಯನು ಸದಾಶಿವರಾಯನನ್ನು ಸಿಂಹಾಸನದ ಮೇಲಿರಿಸಿ ತಾನೇ ಆಳುತ್ತಿದ್ದನು. 1565ರ ಯುದ್ಧದಲ್ಲಿ ಅವನು ಮಡಿದ ಮೇಲೆ, ಅವನ ತಮ್ಮ ತಿರುಮಲನು ಆ ಅರಸನೊಡನೆ ಆಶ್ರಯ ಪಡೆದದ್ದು ಪೆನುಕೊಂಡೆಯಲ್ಲಿ. ಅದೇ ನಮ್ಮ ರವೆನ್ನಾ! ಮುಂದೆ ರಾಜಧಾನಿ ಚಂದ್ರಗಿರಿಗೂ ವೆಲ್ಲೂರಿಗೂ ಸರಿಯಿತು. 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಅವರಿಗೂ ವೆಂಕಟಪತಿರಾಯನ ಮನ್ನಣೆ ಬೇಕಾಯಿತು. 1639ರಲ್ಲಿ ಇಂಗ್ಲಿಷ್ ಕಂಪನಿಗೆ ಮದರಾಸಿನ ನೆಲವನ್ನು ಕೊಟ್ಟವನೂ ಇದೇ ಅರಸುಮನೆಗೆ ಅಧೀನನಾದ ನಾಯಕನೇ. ಯುದ್ಧ ಮುಗಿದು ಆಗಲೇ 74 ವರ್ಷಗಳು ಕಳೆದಿದ್ದವು.

ಹೀಗಿದ್ದರೂ ವಿಜಯನಗರದ ಪತನವೆಂದರೆ ಒಂದು ಯುದ್ಧ, ಒಂದು ದ್ರೋಹವೆಂದು ನಾವು ಪರೀಕ್ಷೆಯಲ್ಲಿ ಬರೆದು ಸುಮ್ಮನಾಗುತ್ತೇವೆ. ಇದು ಬರಿಯ ಅಂಕಗಳ ಮಾತಲ್ಲ. ರಾಜ್ಯಗಳು ದ್ರೋಹಿಗಳಿಂದಲೇ ಕೆಡುತ್ತವೆಂದು ನಂಬಿದವನು ನಾಳೆ ಪ್ರಜೆಯಾಗಿ ದ್ರೋಹಿಗಳನ್ನೇ ಹುಡುಕುತ್ತಾನೆ. ಕಂದಾಯ, ಸಂಬಳ, ನಾಣ್ಯ, ನ್ಯಾಯಗಳ ಕಡೆ ಅವನ ಕಣ್ಣು ಹೊರಳುವುದಿಲ್ಲ.

ರೋಮು ಬೇರೆ, ವಿಜಯನಗರ ಬೇರೆ ಎಂಬ ಆಕ್ಷೇಪಣೆ ಬರಬಹುದು. ನಿಜವೇ. ರೋಮಿನ ಪೂರ್ವಾರ್ಧವು 1453ರವರೆಗೂ ಬಾಳಿತು. ವಿಜಯನಗರಕ್ಕೆ ಅಂತಹ ಇನ್ನೊಂದು ಅರ್ಧವಿರಲಿಲ್ಲ. ಆದುದರಿಂದ ನಾವು ಸಾಲ ತರಬೇಕಾದದ್ದು ಘಟನೆಗಳನ್ನಲ್ಲ, ಪ್ರಶ್ನೆಗಳನ್ನು. ಸೈನಿಕನಿಗೆ ಸಂಬಳ ಎಲ್ಲಿಂದ ಬರುತ್ತದೆ? ರೈತನು ಯಾರ ಹೆಸರಿನಲ್ಲಿ ಕಂದಾಯ ಕೊಡುತ್ತಾನೆ? ಆ ಹೆಸರು ಬದಲಾದುದು ಅವನಿಗೆ ಯಾವಾಗ ತಿಳಿಯುತ್ತದೆ?

ಈ ಪ್ರಶ್ನೆಗಳಿಗೆ ಉತ್ತರ ಅರಮನೆಯಲ್ಲಿ ಸಿಕ್ಕದು, ಅಂಚಿನ ಕೋಟೆಯಲ್ಲಿ ಸಿಕ್ಕೀತು. ನಮ್ಮ ಸೀಮೆಯಲ್ಲಿ ಆವತಿ ನಾಡಪ್ರಭುಗಳ ವಂಶದವರು ಆಳಿದರು, 1638ರಲ್ಲಿ ಬೆಂಗಳೂರು ಬಿಜಾಪುರದವರ ಕೈಸೇರಿತು, 1687ರಲ್ಲಿ ಮೊಗಲರು ಬಂದರು, ಬಳಿಕ ಮೈಸೂರಿನವರು. ದೊರೆಗಳು ಹೀಗೆ ಬದಲಾಗುತ್ತಿರಲು, ಬೆಟ್ಟದ ಮೇಲಿನ ಕಾವಲುಗಾರನೊಬ್ಬನು ಯಾರಿಗಾಗಿ ಬಾಗಿಲು ಕಾದಾನು? ಇದಕ್ಕಿಂತ ಒಳ್ಳೆಯ ಕಥಾವಸ್ತು ಯಾವುದಿದೆ?

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ರೋಮನ್ನು ಓದೋಣ, ಅವಶ್ಯವಾಗಿ ಓದೋಣ. ಆದರೆ ಸಾಮ್ರಾಜ್ಯ ಕಟ್ಟಹೊರಟ ಮಿತ್ರರು ಮೊದಲು ಹತ್ತಿರದ ಬೆಟ್ಟವನ್ನು ಹತ್ತಿ, ಅದರ ಕಲ್ಲುಮುಳ್ಳುಗಳನ್ನು ಕಾಲಿನಿಂದಲೇ ಅರಿಯಲಿ.